ಕ್ಯಾಮೆರಾ ಸಾಕ್ಷಿ ಹೇಳಬಹುದು, ತೀರ್ಪು ಹೇಳುವವರು ಯಾರು?

ಫುಟ್‌ಬಾಲಿನಲ್ಲಿ ಪೆನಾಲ್ಟಿ ಎಂಬುದು ವಿಚಿತ್ರವಾದ ಶಿಕ್ಷೆ. ಹನ್ನೊಂದು ಮಂದಿ ತೊಂಬತ್ತು ನಿಮಿಷ ಬೆವರು ಸುರಿಸಿದರೂ ದಕ್ಕದ ಗೋಲನ್ನು ಅದು ಒಬ್ಬ ಆಟಗಾರನ ಕಾಲಿಗೆ ಕ್ಷಣದಲ್ಲಿ ಒಪ್ಪಿಸಿಬಿಡುತ್ತದೆ. ಹನ್ನೊಂದು ಮೀಟರ್ ದೂರ, ಮುಂದೆ ಗೋಲ್‌ಕೀಪರ್ ಒಬ್ಬನೇ, ನಡುವೆ ಅಡ್ಡ ಬರುವವರು ಯಾರೂ ಇಲ್ಲ. ಎರಡು ಗೋಲುಗಳೇ ದೊಡ್ಡ ಮೊತ್ತವೆನಿಸುವ ಆಟದಲ್ಲಿ ಇಷ್ಟು ಭಾರವಾದ ಶಿಕ್ಷೆಯನ್ನು ವಿಧಿಸುವ ಅಧಿಕಾರ ಒಬ್ಬ ಮನುಷ್ಯನ ಸೀಟಿಯಲ್ಲಿದೆ. ಜಗತ್ತಿನಲ್ಲಿ ಫುಟ್‌ಬಾಲ್ ಕುರಿತ ಜಗಳಗಳಲ್ಲಿ ಬಹುಪಾಲು ಈ ಸೀಟಿಯ ಸುತ್ತಲೇ ನಡೆದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಜಗಳಗಳಿಗೆ ಶಾಶ್ವತ ಪರಿಹಾರವೆಂದು 2018ರ ರಷ್ಯಾ ವಿಶ್ವಕಪ್‌ನಲ್ಲಿ ವೀಡಿಯೊ ಸಹಾಯಕ ರೆಫರಿ, ಅಂದರೆ ವಿಎಆರ್ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಇನ್ನು ಮುಂದೆ ಅನ್ಯಾಯದ ಮಾತೇ ಇರದು ಎಂಬ ಭರವಸೆ ಅದರ ಜೊತೆಗಿತ್ತು. ಆ ಬಳಿಕ ಎರಡು ಪುರುಷರ ವಿಶ್ವಕಪ್‌ಗಳಲ್ಲಿ, ಎರಡು ಮಹಿಳಾ ವಿಶ್ವಕಪ್‌ಗಳಲ್ಲಿ, ಯುರೋಪ್, ಏಶ್ಯಾ, ಆಫ್ರಿಕಾಗಳ ಹಲವು ಪಂದ್ಯಾವಳಿಗಳಲ್ಲಿ ಅದರ ಪ್ರಯೋಗ ನಡೆದಿದೆ. ಆದರೂ ಪ್ರತಿ ಪಂದ್ಯಾವಳಿಯ ಕೊನೆಯಲ್ಲಿ ಯಾವುದೋ ಒಂದು ದೇಶ ತನಗೆ ಮೋಸವಾಯಿತೆಂದು ಗೋಳಿಡುತ್ತಲೇ ಇದೆ. ಯಂತ್ರ ಬಂದ ಮೇಲೂ ದೂರು ಏಕೆ ನಿಲ್ಲಲಿಲ್ಲ? ದೋಷ ಯಂತ್ರದಲ್ಲಿದೆಯೇ, ಅದನ್ನು ಬಳಸುವ ಕ್ರಮದಲ್ಲಿದೆಯೇ, ಅಥವಾ ಸೋಲನ್ನು ಒಪ್ಪಿಕೊಳ್ಳಲಾರದ ನಮ್ಮ ಮನಸ್ಸಿನಲ್ಲಿದೆಯೇ? ಈ ಪ್ರಶ್ನೆಯನ್ನು ತಾಳ್ಮೆಯಿಂದ ಪರಿಶೀಲಿಸುವುದು ಅಗತ್ಯವೆಂದು ನಮಗನಿಸುತ್ತದೆ.

ಸಭ್ಯರಿಗೆ ಅವಮಾನವಾಗಿದ್ದ ನಿಯಮ

ಪೆನಾಲ್ಟಿ ಕಿಕ್ ಫುಟ್‌ಬಾಲಿನ ಜೊತೆ ಹುಟ್ಟಿದ್ದಲ್ಲ. ಐರ್ಲೆಂಡಿನ ಅರ್ಮಾ ಜಿಲ್ಲೆಯ ಮಿಲ್‌ಫೋರ್ಡ್ ಎಂಬ ಊರಿನ ಗೋಲ್‌ಕೀಪರ್ ವಿಲಿಯಂ ಮೆಕ್‌ಕ್ರಮ್ ಇದನ್ನು ಸೂಚಿಸಿದರು. ಗೋಲು ಖಚಿತವೆಂದಾದಾಗ ಎದುರಾಳಿಯ ಕಾಲಿಗೆ ಒದ್ದೋ, ಚೆಂಡನ್ನು ಕೈಯಲ್ಲಿ ತಡೆದೋ ಪಾರಾಗುವವರನ್ನು ನೋಡಿ ಬೇಸತ್ತು ಅವರು ಈ ಸಲಹೆಯಿತ್ತರೆಂದು ಹೇಳಲಾಗುತ್ತದೆ. 1891ರಲ್ಲಿ ಅದು ನಿಯಮವಾಯಿತು. ಆಗ ಇಂಗ್ಲೆಂಡಿನ ಉಳ್ಳವರ ಮನೆಯ ಆಟಗಾರರು ಇದನ್ನು ತಮಗಾದ ಅವಮಾನವೆಂದು ಬಗೆದರು. ಸಭ್ಯನಾದವನು ಬೇಕೆಂದೇ ತಪ್ಪು ಮಾಡಲಾರ, ಹಾಗಿರುವಾಗ ಇಂಥ ಶಿಕ್ಷೆ ಏಕೆ ಎಂಬುದು ಅವರ ವಾದ.

ಈ ಹಳೆಯ ಕತೆಯಲ್ಲಿ ಒಂದು ಪಾಠವಿದೆ. ಪೆನಾಲ್ಟಿ ಹುಟ್ಟಿದ್ದು ದುರ್ಬಲನ ರಕ್ಷಣೆಗೆ. ಬಲಿಷ್ಠನು ನಿಯಮ ಮುರಿದು ಲಾಭ ಪಡೆಯಬಾರದು ಎಂಬುದೇ ಅದರ ಉದ್ದೇಶ. ತಮ್ಮ ಸಭ್ಯತೆಯೇ ಸಾಕು, ನಿಯಮ ಬೇಡ ಎಂದವರು ಯಾವಾಗಲೂ ಆಟದ ಯಜಮಾನರೇ ಆಗಿದ್ದರು. ಇಂದು ವೀಡಿಯೊ ಬೇಡ, ಮನುಷ್ಯನ ತಪ್ಪೂ ಆಟದ ಸೊಬಗು ಎಂದು ಹೇಳುವವರ ಮಾತಿನಲ್ಲಿಯೂ ಇದರ ಪ್ರತಿಧ್ವನಿ ಇಲ್ಲವೇ?

ತಪ್ಪಿನ ಸೊಬಗು ಯಾರಿಗೆ?

1986ರ ಮೆಕ್ಸಿಕೊ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮರಡೋನಾ ಕೈಯಿಂದ ತಳ್ಳಿದ ಚೆಂಡು ಗೋಲಾಯಿತು. ಟ್ಯುನೀಶಿಯಾದ ರೆಫರಿ ಅಲಿ ಬೆನ್ನಾಸಿರ್ ತನ್ನ ಲೈನ್ಸ್‌ಮನ್, ಬಲ್ಗೇರಿಯಾದ ಬೊಗ್ದಾನ್ ದೊಚೆವ್ ಕಡೆ ನೋಡಿದರು. ಬಾವುಟ ಮೇಲೇಳಲಿಲ್ಲ. ಗೋಲು ಉಳಿಯಿತು, ಇಂಗ್ಲೆಂಡ್ 2-1ರಿಂದ ಮನೆಗೆ ಹೋಯಿತು. ಜಗತ್ತು ಇದನ್ನು ಒಂದು ದಂತಕತೆಯಾಗಿ ನೆನಪಿಟ್ಟುಕೊಂಡಿದೆ. ನಾಲ್ಕು ನಿಮಿಷದ ಬಳಿಕ ಅದೇ ಮರಡೋನಾ ಅರ್ಧ ತಂಡವನ್ನೇ ದಾಟಿ ಹೊಡೆದ ಗೋಲು ಮೊದಲಿನ ಕಳ್ಳತನಕ್ಕೆ ಮಾಫಿಯಂತೆ ಒದಗಿಬಂತು. ಆದರೆ ಆ ತೀರ್ಪಿನ ಹೊರೆಯನ್ನು ಇಬ್ಬರು ಅಧಿಕಾರಿಗಳು ಬದುಕಿಡೀ ಹೊರಬೇಕಾಯಿತು. ಅವರಲ್ಲಿ ಯಾರೂ ಮೋಸಗಾರರಾಗಿರಲಿಲ್ಲ. ಅವರಿಗೆ ಕಾಣಲಿಲ್ಲ, ಅಷ್ಟೇ. ಕೋಟ್ಯಂತರ ಜನ ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ಕಂಡದ್ದನ್ನು ಕಾಣಲು ಮೈದಾನದ ನ್ಯಾಯಾಧೀಶನಿಗೆ ಮಾತ್ರ ಅವಕಾಶವಿರಲಿಲ್ಲ.

1990ರ ರೋಮ್ ಫೈನಲ್‌ನಲ್ಲಿ ಇದೇ ಅರ್ಜೆಂಟೀನಾ ಮತ್ತೊಂದು ತುದಿಯಲ್ಲಿ ನಿಂತಿತು. ಪಶ್ಚಿಮ ಜರ್ಮನಿಯ ವೊಲರ್ ಬಿದ್ದಾಗ ಮೆಕ್ಸಿಕೊದ ರೆಫರಿ ಕೊಡೆಸಾಲ್ ಪೆನಾಲ್ಟಿ ಕೊಟ್ಟರು. 85ನೇ ನಿಮಿಷದಲ್ಲಿ ಬ್ರೆಹ್ಮೆ ಹೊಡೆದ ಆ ಒಂದೇ ಗೋಲಿನಿಂದ ವಿಶ್ವಕಪ್ ಜರ್ಮನಿಯ ಪಾಲಾಯಿತು. ಆ ಪೆನಾಲ್ಟಿ ಸರಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. 2002ರಲ್ಲಿ ದಕ್ಷಿಣ ಕೊರಿಯದ ವಿರುದ್ಧ ಸ್ಪೇನಿನ ಮೊರಿಯೆಂಟಿಸ್ ಗೋಲು ಹೊಡೆದರೂ, ಅದಕ್ಕೆ ಮುಂಚೆ ಚೆಂಡು ಗೆರೆ ದಾಟಿತ್ತೆಂದು ಲೈನ್ಸ್‌ಮನ್ ಬಾವುಟವೆತ್ತಿದರು. ಚೆಂಡು ದಾಟಿರಲಿಲ್ಲವೆಂದು ಟಿ.ವಿ. ದೃಶ್ಯಗಳು ತೋರಿಸಿದವು. ಈಜಿಪ್ಟಿನ ರೆಫರಿ ಗಮಾಲ್ ಅಲ್ ಗಂದೂರ್ ಹೆಸರು ಸ್ಪೇನಿನಲ್ಲಿ ಬೈಗುಳವಾಯಿತು.

2009ರ ನವೆಂಬರ್ 18ರಂದು ಪ್ಯಾರಿಸ್ ಬಳಿಯ ಸಾಂ ದೆನಿಯಲ್ಲಿ ನಡೆದದ್ದು ಇನ್ನೂ ಕಹಿಯಾದುದು. ವಿಶ್ವಕಪ್ ಅರ್ಹತೆಗಾಗಿ ಐರ್ಲೆಂಡ್ ಮತ್ತು ಫ್ರಾನ್ಸ್ ಸೆಣಸುತ್ತಿದ್ದವು. ಹೆಚ್ಚುವರಿ ಸಮಯದಲ್ಲಿ ತಿಯರಿ ಹೆನ್ರಿ ಕೈಯಿಂದ ಚೆಂಡನ್ನು ಹಿಡಿತಕ್ಕೆ ತಂದು ಗ್ಯಾಲಾಸ್‌ಗೆ ಕೊಟ್ಟರು, ಗೋಲಾಯಿತು. ಫ್ರಾನ್ಸ್ ವಿಶ್ವಕಪ್‌ಗೆ ಹೋಯಿತು. ತನ್ನ ವಿರುದ್ಧ ಕಾನೂನು ಹೋರಾಟಕ್ಕೆ ಇಳಿಯದಿರಲೆಂದು ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗೆ ಫಿಫಾ 50 ಲಕ್ಷ ಯೂರೊ ನೀಡಿತ್ತೆಂಬ ಸಂಗತಿ 2015ರಲ್ಲಿ ಹೊರಬಿತ್ತು. ಮೈದಾನದಲ್ಲಿ ಕೊಡಲಾಗದ ನ್ಯಾಯಕ್ಕೆ ಬದಲಾಗಿ ಹಣ! ತಪ್ಪು ಆಟದ ಸೊಬಗು ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕೊನೆಗೆ ಬದಲಾವಣೆ ಬಂದದ್ದು ದೊಡ್ಡ ದೇಶವೊಂದಕ್ಕೆ ಪೆಟ್ಟು ಬಿದ್ದಾಗ. 2010ರ ಜೂನ್ 27ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲು ಗೆರೆಯಿಂದ ಚೆನ್ನಾಗಿಯೇ ಒಳಗೆ ಬಿದ್ದು ಹೊರಗೆ ಪುಟಿಯಿತು. ಉರುಗ್ವೆಯ ರೆಫರಿ ಗೋಲು ಕೊಡಲಿಲ್ಲ. ಫಿಫಾ ಅಧ್ಯಕ್ಷರೇ ಕ್ಷಮೆ ಕೇಳಿದರು. ಎರಡು ವರ್ಷದ ಬಳಿಕ ಗೋಲು ಗೆರೆ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2014ರ ಬ್ರೆಝಿಲ್ ವಿಶ್ವಕಪ್‌ನಲ್ಲಿ ಅದು ಬಳಕೆಗೆ ಬಂತು. ಅದರಿಂದ ದೊರೆತ ಪ್ರಯೋಜನ ನಿರ್ವಿವಾದ. ಚೆಂಡು ಗೆರೆ ದಾಟಿತೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಒಂದೇ ಇರುತ್ತದೆ, ಅದನ್ನು ಯಂತ್ರ ಹೇಳಬಲ್ಲದು.

ಆದರೆ ಪೆನಾಲ್ಟಿಯ ಪ್ರಶ್ನೆ ಅಂಥದ್ದಲ್ಲ. ಅದೇ 2014ರ ಉದ್ಘಾಟನಾ ಪಂದ್ಯದಲ್ಲಿ ಕ್ರೊಯೇಶಿಯಾದ ಲೊವ್ರೆನ್ ಕೈ ತಾಗುತ್ತಲೇ ಬ್ರೆಝಿಲ್‌ನ ಫ್ರೆಡ್ ನೆಲಕ್ಕುರುಳಿದರು. ಜಪಾನಿನ ರೆಫರಿ ನಿಶಿಮುರಾ ಪೆನಾಲ್ಟಿ ಕೊಟ್ಟರು. ಎರಡು ವಾರದ ನಂತರ ಹಾಲೆಂಡಿನ ರಾಬೆನ್ ಬಿದ್ದಾಗ ಸಿಕ್ಕ ಪೆನಾಲ್ಟಿ ಮೆಕ್ಸಿಕೊವನ್ನು ಹೊರಹಾಕಿತು. ‘ಅದು ಪೆನಾಲ್ಟಿ ಅಲ್ಲ’ ಎಂಬುದು ಆ ದೇಶದಲ್ಲಿ ಒಂದು ಘೋಷಣೆಯೇ ಆಗಿಬಿಟ್ಟಿತು. ತಾಗಿದ್ದು ನಿಜ. ಬೀಳುವಷ್ಟು ತಾಗಿತೇ? ಇದನ್ನು ಅಳೆಯುವ ಗೆರೆ ಮೈದಾನದಲ್ಲಿ ಎಲ್ಲಿಯೂ ಎಳೆದಿಲ್ಲ.

ಶೇಕಡಾ 99.3ರ ಒಗಟು

ವಿಎಆರ್ ನಾಲ್ಕು ವಿಷಯಗಳಲ್ಲಿ ಮಾತ್ರ ಮಧ್ಯಪ್ರವೇಶಿಸಬಹುದೆಂದು 2018ರಲ್ಲಿ ನಿಯಮ ರೂಪಿಸಲಾಯಿತು: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು ಮತ್ತು ತಪ್ಪು ಆಟಗಾರನಿಗೆ ಶಿಕ್ಷೆ. ಅದೂ ರೆಫರಿಯ ತಪ್ಪು ‘ಸ್ಪಷ್ಟ ಹಾಗೂ ಎದ್ದುಕಾಣುವ’ ತಪ್ಪಾಗಿದ್ದರೆ ಮಾತ್ರ. ಜೂನ್ 16ರಂದು ಕಝಾನ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಫ್ರಾನ್ಸಿನ ಗ್ರಿಜ್‌ಮನ್‌ಗೆ ಸಿಕ್ಕಿದ್ದು ವಿಶ್ವಕಪ್ ಇತಿಹಾಸದಲ್ಲಿ ವೀಡಿಯೊ ನೋಡಿ ಕೊಟ್ಟ ಮೊದಲ ಪೆನಾಲ್ಟಿ. 2014ರ ವಿಶ್ವಕಪ್‌ನಲ್ಲಿ 13 ಪೆನಾಲ್ಟಿಗಳಿದ್ದರೆ 2018ರಲ್ಲಿ ಅವು 29ಕ್ಕೇರಿದವು. ಅದಕ್ಕೆ ಮುಂಚಿನ ದಾಖಲೆ 18. ಅಂದರೆ ಹಿಂದೆ ಎಷ್ಟೋ ತಪ್ಪುಗಳು ಯಾರ ಕಣ್ಣಿಗೂ ಬೀಳದೆ ಹೋಗುತ್ತಿದ್ದವೆಂದಾಯಿತು.

ಗುಂಪು ಹಂತದ 48 ಪಂದ್ಯಗಳು ಮುಗಿದಾಗ ಫಿಫಾ ತನ್ನ ಲೆಕ್ಕ ಮುಂದಿಟ್ಟಿತು. 335 ಘಟನೆಗಳನ್ನು ಪರೀಕ್ಷಿಸಲಾಗಿದೆ, ವೀಡಿಯೊ ಇಲ್ಲದಿದ್ದರೆ ಶೇಕಡಾ 95 ತೀರ್ಪುಗಳು ಸರಿಯಾಗಿರುತ್ತಿದ್ದವು, ಈಗ ಅದು ಶೇಕಡಾ 99.3ಕ್ಕೇರಿದೆ ಎಂದಿತು. ಕೇಳಲು ಹಿತವಾದ ಅಂಕಿ. ಆದರೆ ಯಾವ ತೀರ್ಪು ಸರಿ, ಯಾವುದು ತಪ್ಪು ಎಂದು ನಿರ್ಧರಿಸಿದವರು ಯಾರು? ಫಿಫಾದ ರೆಫರಿಗಳ ಮುಖ್ಯಸ್ಥರೇ. ಪರೀಕ್ಷೆ ಬರೆದವನೇ ಉತ್ತರ ಪತ್ರಿಕೆ ತಿದ್ದಿ ಅಂಕ ಕೊಟ್ಟುಕೊಂಡರೆ ಆ ಅಂಕದ ಬೆಲೆಯೇನು?

ಆ ಅಂಕಿಯೊಳಗೆ ಸೇರಿಕೊಂಡ ಕೆಲವು ಪಂದ್ಯಗಳನ್ನು ನೆನಪಿಸಿಕೊಳ್ಳೋಣ. ಸರ್ಬಿಯಾದ ಮಿತ್ರೊವಿಚ್‌ನನ್ನು ಸ್ವಿಝರ್ಲೆಂಡಿನ ಇಬ್ಬರು ರಕ್ಷಕರು ಗೋಲಿನ ಮುಂದೆ ತಬ್ಬಿ ಹಿಡಿದು ಉರುಳಿಸಿದರು. ಪೆನಾಲ್ಟಿ ಸಿಗಲಿಲ್ಲ, ರೆಫರಿ ಪರದೆಯ ಬಳಿಗೂ ಹೋಗಲಿಲ್ಲ. ಪೋರ್ಚುಗಲ್‌ನ ಪೆಪೆಯ ಕೈಗೆ ಚೆಂಡು ತಾಗಿತೆಂದು ಮೊರೊಕ್ಕೊ ಬೊಬ್ಬಿಟ್ಟರೂ ಕೇಳುವವರಿರಲಿಲ್ಲ. 0-1ರಿಂದ ಸೋತ ಮೊರೊಕ್ಕೊ ಮನೆಯ ದಾರಿ ಹಿಡಿಯಿತು. ಐದು ದಿನದ ಬಳಿಕ ಅದೇ ಮೊರೊಕ್ಕೊ ಎದುರು ಸ್ಪೇನಿನ ಅಸ್ಪಾಸ್ ಕೊನೆಯ ಕ್ಷಣದಲ್ಲಿ ಹೊಡೆದ ಗೋಲಿಗೆ ಮೊದಲು ಆಫ್‌ಸೈಡ್ ಬಾವುಟ ಎದ್ದಿದ್ದರೂ ವೀಡಿಯೊ ನೋಡಿ ಗೋಲು ಕೊಡಲಾಯಿತು. ಆ ತೀರ್ಪು ಸರಿಯೇ. ಆದರೆ ನಮ್ಮ ಪಾಲಿಗೆ ಮುಚ್ಚಿದ ಕಣ್ಣು ಅವರ ಪಾಲಿಗೆ ಏಕೆ ತೆರೆಯಿತು ಎಂಬ ಪ್ರಶ್ನೆ ಮೊರೊಕ್ಕೊದವರ ಮನದಲ್ಲಿ ಮೂಡಿದ್ದರೆ ಅವರನ್ನು ದೂಷಿಸಲಾದೀತೇ? ಅವರ ಆಟಗಾರ ನೂರುದ್ದೀನ್ ಅಮ್ರಾಬತ್ ಟಿ.ವಿ. ಕ್ಯಾಮೆರಾದ ಮುಂದೆಯೇ ವಿಎಆರನ್ನು ಒರಟು ಮಾತಿನಲ್ಲಿ ಬೈದು ನಡೆದರು.

ಅದೇ ದಿನ ಸರಾನ್ಸ್ಕ್‌ನಲ್ಲಿ ಇರಾನ್ ಮತ್ತು ಪೋರ್ಚುಗಲ್ ಆಡುತ್ತಿದ್ದವು. ವೀಡಿಯೊ ನೋಡಿ ಪೋರ್ಚುಗಲ್‌ಗೆ ಪೆನಾಲ್ಟಿ ಕೊಡಲಾಯಿತು, ರೊನಾಲ್ಡೊ ಹೊಡೆದದ್ದನ್ನು ಅಲಿರೆಝಾ ಬೈರನ್‌ವಾಂಡ್ ಹಿಡಿದರು. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದ ಆ ಗೋಲ್‌ಕೀಪರನ ಬದುಕಿನ ದೊಡ್ಡ ಕ್ಷಣವದು. ನಂತರ ರೊನಾಲ್ಡೊ ಮೊಣಕೈ ಬೀಸಿದ್ದಕ್ಕೆ ರೆಫರಿ ಪರದೆ ನೋಡಿ ಬಂದು ಹಳದಿ ಕಾರ್ಡು ತೋರಿಸಿದರು. ಕೆಂಪು ಕಾರ್ಡು ಕೊಡಬೇಕಿತ್ತೆಂದು ಇರಾನಿನ ತರಬೇತುದಾರ ಕ್ವೆರೋಝ್ ಕಿಡಿಕಾರಿದರು. ಕೊನೆಗೆ ಮತ್ತೆ ವೀಡಿಯೊ ನೋಡಿ ಇರಾನಿಗೂ ಪೆನಾಲ್ಟಿ ಸಿಕ್ಕಿತು, ಅನ್ಸಾರಿಫರ್ದ್ ಗೋಲು ಹೊಡೆದು ಪಂದ್ಯ 1-1 ಆಯಿತು. ಒಂದೇ ಪಂದ್ಯದಲ್ಲಿ ಮೂರು ಸಲ ಪರದೆ ನೋಡಿದರೂ ಎರಡು ತಂಡಗಳೂ ಅತೃಪ್ತಿಯಿಂದಲೇ ಹೊರನಡೆದವು!

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇದೆಲ್ಲ ಬಡ ದೇಶಗಳ ಅಥವಾ ಅರಬ್ ದೇಶಗಳ ವಿರುದ್ಧ ಹೂಡಿದ ಸಂಚು ಎಂಬ ಮಾತು ನಮ್ಮವರಲ್ಲಿಯೂ ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪಲು ಆಧಾರವಿಲ್ಲ. 2018ರಲ್ಲಿ ಹಾಲಿ ಚಾಂಪಿಯನ್ ಜರ್ಮನಿಯನ್ನು ಹೊರಹಾಕಿದ ದಕ್ಷಿಣ ಕೊರಿಯದ ಗೋಲನ್ನು ಕೊಡಿಸಿದ್ದು ಇದೇ ವೀಡಿಯೊ. 2022ರಲ್ಲಿ ಗ್ರಿಜ್‌ಮನ್ ಕೊನೆಯ ಕ್ಷಣದಲ್ಲಿ ಹೊಡೆದ ಗೋಲನ್ನು ರದ್ದುಪಡಿಸಿ ಫ್ರಾನ್ಸಿನ ಎದುರು ಟ್ಯುನೀಶಿಯಾದ 1-0 ಗೆಲುವನ್ನು ಉಳಿಸಿದ್ದೂ ಇದೇ. ಆಗ ಫ್ರಾನ್ಸ್ ಸಲ್ಲಿಸಿದ ದೂರನ್ನು ಫಿಫಾ ತಳ್ಳಿಹಾಕಿತು. ಸೋತಾಗ ಸಂಚು, ಗೆದ್ದಾಗ ನ್ಯಾಯ ಎನ್ನುವವರಿಗೆ ನ್ಯಾಯದ ಬಗ್ಗೆ ಮಾತಾಡುವ ಅರ್ಹತೆ ಉಳಿಯುವುದಿಲ್ಲ. ನಮ್ಮ ಆಕ್ಷೇಪ ಬೇರೆ, ಮತ್ತು ಅದು ಸಂಚಿನ ಮಾತಿಗಿಂತ ಗಂಭೀರವಾದುದು.

ಮುಚ್ಚಿದ ಬಾಗಿಲಿನ ನ್ಯಾಯಾಲಯ

ಮೊದಲ ಆಕ್ಷೇಪ, ನಿಯಮದ ಅಸ್ಪಷ್ಟತೆ. ಕೈಗೆ ಚೆಂಡು ತಾಗುವುದೆಲ್ಲ ಅಪರಾಧವಲ್ಲ, ಕೈ ‘ಸಹಜವಲ್ಲದ’ ಸ್ಥಾನದಲ್ಲಿರಬೇಕೆಂದು ನಿಯಮ ಹೇಳುತ್ತದೆ. ಓಡುವ, ಜಿಗಿಯುವ ಮನುಷ್ಯನ ಕೈಗೆ ಸಹಜ ಸ್ಥಾನ ಯಾವುದು? 2018ರ ಫೈನಲ್‌ನಲ್ಲಿ ಕ್ರೊಯೇಶಿಯಾದ ಪೆರಿಸಿಚ್ ಕೈಗೆ ಚೆಂಡು ತಾಗಿದಾಗ ಅರ್ಜೆಂಟೀನಾದ ರೆಫರಿ ಪಿಟಾನಾ ಪರದೆ ನೋಡಿ ಹೊರಟವರು ಮತ್ತೆ ಹಿಂದಿರುಗಿ ನೋಡಿದರು, ಆಮೇಲೆ ಪೆನಾಲ್ಟಿ ಕೊಟ್ಟರು. ಎರಡೆರಡು ಸಲ ನೋಡಬೇಕಾದ ತಪ್ಪು ‘ಎದ್ದುಕಾಣುವ’ ತಪ್ಪು ಹೇಗಾದೀತು? ಅದೇ ಪಂದ್ಯದಲ್ಲಿ ಗ್ರಿಜ್‌ಮನ್ ಸುಲಭವಾಗಿ ಬಿದ್ದು ಪಡೆದ ಫ್ರೀ ಕಿಕ್ಕಿನಿಂದಲೇ ಫ್ರಾನ್ಸಿನ ಮೊದಲ ಗೋಲು ಬಂತು. ಫ್ರೀ ಕಿಕ್ಕನ್ನು ಪರಿಶೀಲಿಸುವ ಅಧಿಕಾರ ವೀಡಿಯೊ ಕೊಠಡಿಗೆ ಇರಲಿಲ್ಲ.

ನಿಧಾನಗತಿಯ ದೃಶ್ಯದ ಸಮಸ್ಯೆಯೂ ಇದೆ. ಕ್ಷಣಾರ್ಧದ ಘಟನೆಯನ್ನು ಎಳೆದು ಎಳೆದು ತೋರಿಸಿದಾಗ ಆಕಸ್ಮಿಕವೂ ಉದ್ದೇಶಪೂರ್ವಕವಾಗಿ ಕಾಣುತ್ತದೆ. ಆಟಗಾರನಿಗೆ ಯೋಚಿಸಲು ಸಮಯವಿತ್ತು ಎಂಬ ಭ್ರಮೆ ನೋಡುವವನಲ್ಲಿ ಹುಟ್ಟುತ್ತದೆ. ತಾಗಿದ ಜಾಗವನ್ನು ನೋಡಲು ಮಾತ್ರ ನಿಧಾನಗತಿ, ತಾಗಿದ ರಭಸವನ್ನು ಅಳೆಯಲು ನೈಜ ವೇಗ ಎಂದು ವಿಎಆರ್ ನಿಯಮಾವಳಿಯೇ ಹೇಳುವುದು ಇದಕ್ಕಾಗಿ.

2024ರ ಯುರೋ ಪಂದ್ಯಾವಳಿ ಈ ಅಸ್ಪಷ್ಟತೆಯನ್ನು ಬಯಲಿಗೆಳೆಯಿತು. ಜೂನ್ 29ರಂದು ಡಾರ್ಟ್‌ಮಂಡ್‌ನಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಹೊಡೆದ ಗೋಲು, ಸಹ ಆಟಗಾರನ ಕಾಲ್ಬೆರಳು ಆಫ್‌ಸೈಡ್ ಆಗಿತ್ತೆಂದು ರದ್ದಾಯಿತು. ಕೆಲವೇ ನಿಮಿಷಗಳಲ್ಲಿ ಅದೇ ಆಂಡರ್ಸನ್ ಕೈಗೆ ಚೆಂಡು ಸವರಿತೆಂದು ಚೆಂಡಿನೊಳಗಿನ ಸಂವೇದಕ ತೋರಿಸಿತು, ಜರ್ಮನಿಗೆ ಪೆನಾಲ್ಟಿ ಸಿಕ್ಕಿತು. ಆರು ದಿನದ ನಂತರ ಸ್ಟುಟ್‌ಗಾರ್ಟ್‌ನಲ್ಲಿ ಜರ್ಮನಿಯ ಮುಸಿಯಾಲಾ ಹೊಡೆದ ಚೆಂಡು ಸ್ಪೇನಿನ ಕುಕುರೆಲ್ಲಾ ಕೈಗೆ ಬಡಿಯಿತು. ಅಲ್ಲಿ ಪೆನಾಲ್ಟಿ ಇಲ್ಲ! ಕೆಲವು ತಿಂಗಳ ಬಳಿಕ ಯುರೋಪಿನ ರೆಫರಿ ಸಮಿತಿಯೇ ಅದು ಪೆನಾಲ್ಟಿಯಾಗಬೇಕಿತ್ತೆಂಬ ನಿಲುವು ತಾಳಿದ್ದು ವರದಿಯಾಯಿತು. ಸವರಿದ್ದಕ್ಕೆ ಶಿಕ್ಷೆ, ಬಡಿದದ್ದಕ್ಕೆ ವಿನಾಯಿತಿ. ಚೆಂಡಿನೊಳಗೆ ಎಷ್ಟೇ ಸೂಕ್ಷ್ಮವಾದ ಸಾಧನ ಇಟ್ಟರೂ ಅದು ‘ತಾಗಿತು’ ಎಂದಷ್ಟೇ ಹೇಳೀತು. ‘ತಪ್ಪು’ ಎಂದು ಹೇಳಬೇಕಾದವನು ಮನುಷ್ಯನೇ.

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದುದು. ಈ ನ್ಯಾಯಾಲಯದ ಬಾಗಿಲು ಮುಚ್ಚಿದೆ. ಆಡುವ ತಂಡಕ್ಕೆ ಮರುಪರಿಶೀಲನೆ ಕೇಳುವ ಹಕ್ಕಿಲ್ಲ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕೊಠಡಿಯಲ್ಲಿ ಕುಳಿತವರು ತೀರ್ಮಾನಿಸುತ್ತಾರೆ. ಅವರೊಳಗೆ ನಡೆದ ಮಾತು ಪಂದ್ಯದ ಹೊತ್ತಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. 2022ರ ಕತರ್ ವಿಶ್ವಕಪ್‌ನ ಸೆಮಿಫೈನಲ್ ಇದಕ್ಕೆ ನಿದರ್ಶನ. ಆಫ್ರಿಕಾದಿಂದ ಆ ಹಂತಕ್ಕೇರಿದ ಮೊದಲ ದೇಶ ಮೊರೊಕ್ಕೊ. ಫ್ರಾನ್ಸಿನ ಗೋಲಿನ ಮುಂದೆ ಬುಫಾಲ್ ಮತ್ತು ತಿಯೊ ಹೆರ್ನಾಂಡಿಸ್ ಡಿಕ್ಕಿಯಾದಾಗ ಮೊರೊಕ್ಕೊ ಪೆನಾಲ್ಟಿ ನಿರೀಕ್ಷಿಸಿತು. ಮೆಕ್ಸಿಕೊದ ರೆಫರಿ ಹಳದಿ ಕಾರ್ಡು ತೋರಿಸಿದ್ದು ಬುಫಾಲ್‌ಗೆ! ವೀಡಿಯೊ ಕೊಠಡಿ ಮೌನವಾಗಿತ್ತು. ಎರಡು ಪೆನಾಲ್ಟಿಗಳನ್ನು ನಿರಾಕರಿಸಲಾಯಿತೆಂದು ಮೊರೊಕ್ಕೊ ಫಿಫಾಕ್ಕೆ ದೂರಿತು. ಆ ತೀರ್ಪು ತಪ್ಪೆಂದು ನಾವು ಪಟ್ಟು ಹಿಡಿಯುವುದಿಲ್ಲ. ಆದರೆ ಏಕೆ ಪೆನಾಲ್ಟಿಯಲ್ಲ ಎಂದು ಒಂದು ವಾಕ್ಯದ ವಿವರಣೆಯನ್ನಾದರೂ ಆ ಗಳಿಗೆಯಲ್ಲಿ ಆ ತಂಡಕ್ಕೆ ಕೊಡಬಹುದಿತ್ತಲ್ಲವೇ? ಕಾರಣ ಹೇಳದ ತೀರ್ಪು ಸರಿಯಾಗಿದ್ದರೂ ಅದು ಅಪ್ಪಣೆಯಂತೆ ಕೇಳಿಸುತ್ತದೆ.

ಈ ಮೌನ ಎಲ್ಲಿಗೆ ಮುಟ್ಟಬಹುದೆಂಬುದನ್ನು ಆಫ್ರಿಕಾ ಎರಡು ಸಲ ಕಂಡಿದೆ. 2019ರ ಮೇ 31ರಂದು ಟ್ಯುನೀಶಿಯಾದ ರಾದಿಸ್‌ನಲ್ಲಿ ಆಫ್ರಿಕನ್ ಚಾಂಪಿಯನ್ಸ್ ಲೀಗ್ ಫೈನಲ್‌ನ ಎರಡನೇ ಪಂದ್ಯ. ಮೊರೊಕ್ಕೊದ ವಿದಾದ್ ತಂಡದ ಗೋಲು ರದ್ದಾದಾಗ ಆಟಗಾರರು ವೀಡಿಯೊ ನೋಡಿರೆಂದು ಕೇಳಿದರು. ಯಂತ್ರ ಕೆಲಸ ಮಾಡುತ್ತಿಲ್ಲವೆಂದು ಆಗ ತಿಳಿಯಿತು. ವಿದಾದ್ ಆಟ ಮುಂದುವರಿಸಲಿಲ್ಲ. ಪ್ರಶಸ್ತಿ ಟ್ಯುನಿಸ್‌ನ ಎಸ್ಪೆರಾನ್ಸ್ ತಂಡದ್ದಾಯಿತು, ಅದೂ ತಿಂಗಳುಗಟ್ಟಲೆ ವ್ಯಾಜ್ಯದ ನಂತರ. ಇನ್ನೊಂದು, 2026ರ ಜನವರಿ 18ರಂದು ರಬಾತ್‌ನಲ್ಲಿ ಮೊರೊಕ್ಕೊ ಮತ್ತು ಸೆನೆಗಲ್ ನಡುವಿನ ಆಫ್ರಿಕಾ ಕಪ್ ಫೈನಲ್. ಕೊನೆಯ ಕ್ಷಣಗಳಲ್ಲಿ ಸೆನೆಗಲ್ ಚೆಂಡನ್ನು ಗೋಲಿಗೆ ಸೇರಿಸಿತು. ಅಷ್ಟರಲ್ಲಿ ಫೌಲ್‌ಗಾಗಿ ಸೀಟಿ ಊದಿಯಾಗಿತ್ತು, ಹಾಗಾಗಿ ವೀಡಿಯೊ ಪರಿಶೀಲನೆಗೆ ಅವಕಾಶವೇ ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ವೀಡಿಯೊ ಕೊಠಡಿಯ ಕರೆಯ ಮೇರೆಗೆ ರೆಫರಿ ಪರದೆ ನೋಡಿ ಆತಿಥೇಯ ಮೊರೊಕ್ಕೊಗೆ ಪೆನಾಲ್ಟಿ ಕೊಟ್ಟರು. ಸೆನೆಗಲ್ ತಂಡ ಮೈದಾನ ಬಿಟ್ಟು ನಡೆಯಿತು. ಸಾದಿಯೊ ಮಾನೆ ತನ್ನವರನ್ನು ಒಲಿಸಿ ಕರೆತಂದ ಬಳಿಕ ಆಟ ಮುಂದುವರಿಯಿತು. ಬ್ರಾಹಿಂ ದಿಯಾಝ್ ಮೆಲ್ಲನೆ ಎತ್ತಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ಮೆಂಡಿ ನಿಂತಲ್ಲೇ ಹಿಡಿದರು. ಹೆಚ್ಚುವರಿ ಸಮಯದಲ್ಲಿ ಸೆನೆಗಲ್ ಗೋಲು ಹೊಡೆದು ಮೈದಾನದಲ್ಲಿ 1-0ರಿಂದ ಮೇಲುಗೈ ಪಡೆಯಿತು, ಆದರೆ ವಿವಾದ ಸಮಿತಿಗಳ ಕೋಣೆಗೆ ಹೋಯಿತು. ಎರಡು ಸಹೋದರ ರಾಷ್ಟ್ರಗಳ ಜನ ಪರಸ್ಪರ ಸಂಶಯದಿಂದ ನೋಡುವಂತಾಯಿತು. ಮೈದಾನ ಬಿಟ್ಟು ನಡೆದದ್ದು ಖಂಡಿತ ತಪ್ಪು. ಆದರೆ ‘ನಮ್ಮದನ್ನು ನೋಡಲಾಗದು, ಅವರದನ್ನು ಮಾತ್ರ ನೋಡುತ್ತೇವೆ’ ಎಂದಂತೆ ಕಾಣುವ ನಿಯಮ ಜನರ ಸಹನೆಯನ್ನು ಪರೀಕ್ಷಿಸುತ್ತದೆ ಎಂಬುದೂ ಅಷ್ಟೇ ಸತ್ಯ.

ಯಂತ್ರ ಇಲ್ಲದವರ ಪಾಡು

ಮೂರನೆಯ ಆಕ್ಷೇಪ ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ್ದು. ಕತರ್ ವಿಶ್ವಕಪ್‌ನಲ್ಲಿ ಕ್ರೀಡಾಂಗಣದ ಮಾಡಿನಡಿ 12 ವಿಶೇಷ ಕ್ಯಾಮೆರಾಗಳಿದ್ದವು. ಪ್ರತಿ ಆಟಗಾರನ ದೇಹದ 29 ಬಿಂದುಗಳನ್ನು ಅವು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಸಂವೇದಕ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುತ್ತಿತ್ತು. ಇದೇ ಕತರ್‌ನ ದೋಹಾದಲ್ಲಿ 2024ರ ಜೂನ್ 11ರಂದು ಭಾರತ ವಿಶ್ವಕಪ್ ಅರ್ಹತಾ ಪಂದ್ಯ ಆಡಿತು. ಛಾಂಗ್ಟೆ ಗೋಲಿನಿಂದ ಭಾರತ ಮುಂದಿತ್ತು. ಅರ್ಹತೆಯ ಮೂರನೇ ಸುತ್ತು ಮೊದಲ ಬಾರಿಗೆ ಕೈಗೆಟಕುವಂತಿತ್ತು. 73ನೇ ನಿಮಿಷದಲ್ಲಿ ಗುರುಪ್ರೀತ್ ತಡೆದ ಚೆಂಡು ಗೆರೆ ದಾಟಿ ಹೊರಹೋಯಿತು. ಕತರ್‌ನ ಆಟಗಾರ ಅದನ್ನು ಒಳಕ್ಕೆ ಎಳೆದು ಯೂಸುಫ್ ಅಯ್ಮನ್‌ಗೆ ಕೊಟ್ಟರು, ಗೋಲು! ಭಾರತೀಯರು ಎಷ್ಟು ಬೇಡಿಕೊಂಡರೂ ಫಲವಿಲ್ಲ. ಏಕೆಂದರೆ ಆ ಸುತ್ತಿನ ಪಂದ್ಯಗಳಲ್ಲಿ ವಿಎಆರ್ ಇರಲೇ ಇಲ್ಲ. ಭಾರತ 1-2ರಿಂದ ಸೋತು ಹೊರಬಿತ್ತು.

ನಾಲ್ಕು ತಿಂಗಳ ಹಿಂದಷ್ಟೇ ಅದೇ ಕತರ್ ಏಶ್ಯಾ ಕಪ್ ಫೈನಲ್‌ನಲ್ಲಿ ಜೋರ್ಡಾನ್ ತಂಡವನ್ನು 3-1ರಿಂದ ಸೋಲಿಸಿತ್ತು. ಮೂರು ಗೋಲುಗಳೂ ಅಕ್ರಮ್ ಅಫೀಫ್ ಹೊಡೆದ ಪೆನಾಲ್ಟಿಗಳು. ಅಲ್ಲಿ ವಿಎಆರ್ ಇತ್ತು. ಬೆರಳು ತಾಗಿದ್ದನ್ನೂ ಹುಡುಕಿ ತೆಗೆಯುವ ಸಾಮರ್ಥ್ಯ ಇರುವ ಕಾಲದಲ್ಲಿ, ಚೆಂಡು ಗೆರೆಯಿಂದ ಹೊರಗೆ ಹೋದುದನ್ನು ನೋಡಲು ಒಂದು ಸಾಮಾನ್ಯ ಟಿ.ವಿ. ಪರದೆಯೂ ಇರಲಿಲ್ಲ ಎಂಬುದು ಎಂಥ ವಿಪರ್ಯಾಸ! ನ್ಯಾಯ ಎಲ್ಲರಿಗೂ ಸಮಾನವೆಂದು ಹೇಳಿಕೊಳ್ಳುವ ಆಟದಲ್ಲಿ ಅದರ ಸೂಕ್ಷ್ಮತೆ ಮಾತ್ರ ಹಣಕ್ಕನುಗುಣವಾಗಿ ಹಂಚಿಹೋಗಿದೆ. ದೊಡ್ಡ ದೇಶಗಳಿಗೆ ವಿಶ್ವಕಪ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಭಾರತದಂಥ ತಂಡಗಳಿಗೆ ಅರ್ಹತಾ ಸುತ್ತೇ ವಿಶ್ವಕಪ್. ಅಲ್ಲಿ ಕಳೆದುಕೊಂಡ ಒಂದು ಗೋಲು ಒಂದು ತಲೆಮಾರಿನ ಆಟಗಾರರ ಬದುಕನ್ನೇ ಬದಲಿಸಬಲ್ಲದು.

ನಮ್ಮ ಬೆಂಗಳೂರಿನಲ್ಲಿಯೂ 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಇಂಥದೇ ದೃಶ್ಯ ಕಂಡಿತ್ತು. ಎದುರಾಳಿಗಳು ಸಿದ್ಧರಾಗುವ ಮುನ್ನವೇ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ಗೋಲಾಗಿಸಿದಾಗ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ತೊರೆದು 4 ಕೋಟಿ ರೂಪಾಯಿ ದಂಡ ತೆತ್ತಿತು. ಐಎಸ್‌ಎಲ್‌ನಲ್ಲೂ ವಿಎಆರ್ ಇರಲಿಲ್ಲ.

ಏನು ಮಾಡಬಹುದು?

ಯಂತ್ರವನ್ನು ಕಿತ್ತೆಸೆಯಿರೆಂದು ನಾವು ಹೇಳುವುದಿಲ್ಲ. ಹೆನ್ರಿಯ ಕೈಗೆ ಐರ್ಲೆಂಡ್ ತೆತ್ತ ಬೆಲೆಯನ್ನು ನೆನೆದರೆ ಹಾಗೆ ಹೇಳಲು ಬಾಯಿ ಬಾರದು. ಕ್ರಿಕೆಟನ್ನೇ ನೋಡಿ. 1992ರಲ್ಲಿ ಡರ್ಬನ್‌ನಲ್ಲಿ ತೆಂಡುಲ್ಕರ್ ಟಿ.ವಿ. ಅಂಪೈರ್ ತೀರ್ಪಿನಿಂದ ಔಟಾದ ಮೊದಲ ಆಟಗಾರನಾದರು. 2008ರಲ್ಲಿ ಆಟಗಾರರೇ ಮರುಪರಿಶೀಲನೆ ಕೇಳುವ ಪದ್ಧತಿಯ ಪ್ರಯೋಗ ಶುರುವಾಯಿತು. ಬಹುಕಾಲ ಅದನ್ನು ವಿರೋಧಿಸಿದ ಭಾರತವೂ 2016ರಲ್ಲಿ ಒಪ್ಪಿಕೊಂಡಿತು. ಅಲ್ಲಿ ಮೂರನೇ ಅಂಪೈರ್ ಏನು ನೋಡುತ್ತಿದ್ದಾನೆ, ಏನು ಹೇಳುತ್ತಿದ್ದಾನೆ ಎಂಬುದು ಮನೆಯಲ್ಲಿ ಕುಳಿತವರಿಗೂ ಕೇಳಿಸುತ್ತದೆ. ತೀರ್ಪು ಒಪ್ಪಿಗೆಯಾಗದಿದ್ದರೂ ಅದರ ದಾರಿ ಕಾಣಿಸುತ್ತದೆ. ಸೋತವನಿಗೆ ಸಮಾಧಾನ ಸಿಗುವುದು ಅಲ್ಲಿಯೇ.

ಫುಟ್‌ಬಾಲ್ ಕೂಡ ಆ ದಿಕ್ಕಿನಲ್ಲಿ ಅಂಜುತ್ತಾ ಹೆಜ್ಜೆಯಿಡುತ್ತಿದೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ವೀಡಿಯೊ ನೋಡಿದ ಬಳಿಕ ರೆಫರಿಯೇ ಧ್ವನಿವರ್ಧಕದಲ್ಲಿ ತೀರ್ಪನ್ನು ಕ್ರೀಡಾಂಗಣಕ್ಕೆಲ್ಲ ಕೇಳುವಂತೆ ಹೇಳಿದರು. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಇನ್ನೂ ಸರಳವಾದ ಪದ್ಧತಿಯನ್ನು ಪ್ರಯೋಗಿಸಲಾಯಿತು. ಪ್ರತ್ಯೇಕ ಕೊಠಡಿಯಿಲ್ಲ, ಕೊಠಡಿಯಲ್ಲಿ ಅಧಿಕಾರಿಗಳ ದಂಡೂ ಇಲ್ಲ. ಪ್ರತಿ ತಂಡದ ತರಬೇತುದಾರನಿಗೆ ಎರಡು ಸಲ ಮರುಪರಿಶೀಲನೆ ಕೇಳುವ ಹಕ್ಕು. ರೆಫರಿ ಮೈದಾನದ ಬದಿಯ ಪರದೆ ನೋಡಿ ತೀರ್ಮಾನಿಸುತ್ತಾರೆ. ಹೆಚ್ಚು ಕ್ಯಾಮೆರಾಗಳೂ ಬೇಕಿಲ್ಲ. ಇಂಥ ವ್ಯವಸ್ಥೆ ದೋಹಾದಲ್ಲಿ ಇದ್ದಿದ್ದರೆ ಭಾರತದ ಕೋಚ್ ಒಂದು ಕೈ ಎತ್ತಿದ್ದರೆ ಸಾಕಿತ್ತು.

ಈ ಪದ್ಧತಿಯಲ್ಲಿ ಖರ್ಚು ಕಡಿಮೆ ಎಂಬುದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಅನ್ಯಾಯವಾಯಿತೆಂದು ಭಾವಿಸುವವನಿಗೆ ಅದು ಬಾಯಿ ಕೊಡುತ್ತದೆ. ಇಂದಿನ ವಿಎಆರ್‌ನಲ್ಲಿ ಎಲ್ಲವೂ ಮೇಲಿನಿಂದ ಬರುವ ಕೃಪೆ. ಕೊಠಡಿಗೆ ಕಂಡರೆ ನ್ಯಾಯ, ಕಾಣದಿದ್ದರೆ ಇಲ್ಲ. ಕೇಳುವ ಹಕ್ಕಿದ್ದಾಗ ತೀರ್ಪು ವಿರುದ್ಧವಾದರೂ ‘ನಮ್ಮನ್ನು ಕೇಳಿಸಿಕೊಳ್ಳಲೇ ಇಲ್ಲ’ ಎಂಬ ಕೊರಗು ಉಳಿಯುವುದಿಲ್ಲ. ಇದರ ಜೊತೆ ಕೊಠಡಿಯ ಸಂಭಾಷಣೆಯನ್ನು ಪಂದ್ಯ ಮುಗಿದ ಕೂಡಲೇ ಬಹಿರಂಗಪಡಿಸಬೇಕು. ತೀರ್ಪುಗಳ ಸರಿತಪ್ಪುಗಳನ್ನು ಎಣಿಸುವ ಕೆಲಸ ಸಂಘಟಕರಿಂದ ಹೊರಗಿನವರಿಗೆ ಹೋಗಬೇಕು. ವಿಶ್ವಕಪ್ ಅರ್ಹತೆಯ ಪ್ರತಿ ಪಂದ್ಯಕ್ಕೂ, ಅದು ದೋಹಾದಲ್ಲಿರಲಿ ಗುವಾಹಟಿಯಲ್ಲಿರಲಿ, ಒಂದೇ ಮಟ್ಟದ ಸೌಲಭ್ಯವಿರಬೇಕು. ಕೋಟ್ಯಂತರ ಡಾಲರ್ ಗಳಿಸುವ ಫಿಫಾಕ್ಕೆ ಇದು ಅಸಾಧ್ಯವೇನಲ್ಲ.

ಒಂದು ಮಾತನ್ನು ನೋಡುಗರಾದ ನಾವೂ ಒಪ್ಪಿಕೊಳ್ಳಬೇಕು. ಎಷ್ಟು ಕ್ಯಾಮೆರಾ ಇಟ್ಟರೂ ಕೆಲವು ಪೆನಾಲ್ಟಿಗಳ ಬಗ್ಗೆ ಪ್ರಾಮಾಣಿಕರಾದ ಇಬ್ಬರು ಒಂದೇ ದೃಶ್ಯ ನೋಡಿ ಎರಡು ತೀರ್ಪು ಕೊಡುತ್ತಾರೆ. 1966ರ ಫೈನಲ್‌ನಲ್ಲಿ ಚೆಂಡು ಗೆರೆ ದಾಟಿದೆಯೆಂದು ಇಂಗ್ಲೆಂಡಿಗೆ ಗೋಲು ಕೊಡಿಸಿದ ಅಝರ್‌ಬೈಜಾನಿನ ಲೈನ್ಸ್‌ಮನ್ ತೋಫಿಕ್ ಬಹ್ರಮೋವ್ ಹೆಸರಲ್ಲಿ ಬಾಕುವಿನಲ್ಲಿ ಕ್ರೀಡಾಂಗಣವೇ ಇದೆ. ಜರ್ಮನ್ನರು ಇಂದಿಗೂ ಆ ಗೋಲನ್ನು ಒಪ್ಪಿಲ್ಲ. ಅಂಥ ಭಿನ್ನಾಭಿಪ್ರಾಯದೊಂದಿಗೆ ಬದುಕಬಹುದು, ಆಟ ಬದುಕಿಯೂ ಇದೆ. ಬದುಕಲಾಗದ್ದು ಬೇರೆ: ತನ್ನ ಮಾತನ್ನು ಕೇಳಲಿಲ್ಲ, ಕಾರಣ ಹೇಳಲಿಲ್ಲ, ಇನ್ನೊಬ್ಬನಿಗೆ ತೆರೆದ ಬಾಗಿಲು ತನಗೆ ತೆರೆಯಲಿಲ್ಲ ಎಂಬ ನೋವು. ಆ ನೋವಿಗೆ ಯಾವ ಕ್ಯಾಮೆರಾವೂ ಔಷಧಿಯಲ್ಲ. ಅದನ್ನು ಹೋಗಲಾಡಿಸುವ ಹೊಣೆ ಕ್ಯಾಮೆರಾದ ಹಿಂದೆ ಕುಳಿತಿರುವ ಮನುಷ್ಯರದು.